ಈಟಮ್ಮನ ಗೂಡುಗಳು

ಒಣಗಿದ ಈರುಳ್ಳಿ ಸಿಪ್ಪೆಯನ್ನು ಯಾರೋ ಉಗುರಿನ ತುದಿಯಲ್ಲಿ ಕೆರೆಯುತ್ತಿರುವ ಹಾಗೆ ಒಂದು ಸದ್ದು. ಸ್ವಲ್ಪ ಹೊತ್ತು ಕೆರೆಯುವುದು, ಸುಸ್ತಾದ ಹಾಗೆ ನಿಲ್ಲುವುದು, ಮತ್ತೆ ಶುರುವಾಗುವುದು. ತೊಂಬತ್ತರ ದಶಕದ ನಡುವಿನ ಒಂದು ಏಪ್ರಿಲ್‌ನಲ್ಲಿ, ಐರ್ಲೆಂಡಿನ ಒಂದು ಹಳೇ ಕಾನ್ವೆಂಟಿನ ಮಹಡಿಯ ಮೇಲೆ, ಟವೆಲ್ಲು ಇಡುವ ಕಪಾಟಿನ ಒಳಗಿಂದ ಅದು ಬರುತ್ತಿತ್ತು. ನಾನು ಇಲಿ ಅಂದುಕೊಂಡೆ. ಪಕ್ಕದಲ್ಲಿದ್ದ ನಮ್ಮ ಅತ್ತಿಗೆ ಮಡಿಸಿದ ಬೆಡ್‌ಶೀಟನ್ನು ಎದೆಗೆ ಹಿಡಿದುಕೊಂಡು, ಹೆರಿಗೆ ಕೋಣೆಯ ಬಾಗಿಲಲ್ಲಿ ನಿಂತವಳ ಹಾಗೆ ಕಿವಿಗೊಟ್ಟು ಕೇಳಿದಳು.

"ಬತ್ತಾವೆ ಕಣಮ್ಮಣ್ಣಿ. ಈಚ್ಗೆ ಬತ್ತಾವೆ," ಅಂದಳು.

ಅಣ್ಣ ತೀರಿಹೋದ ಮೇಲೆ ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ನೋಡಿರಲಿಲ್ಲ. ಅದಕ್ಕೇ ಇರಬೇಕು, ಆ ಸದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ಚಿಟ್ಟೆ ಹಿಡಿಯುವುದು ಹೇಗೆ, ಸಾಕುವುದು ಹೇಗೆ, ಫೋಟೋ ತೆಗೆಯುವುದು ಹೇಗೆ ಅಂತ ಹೊಸಬರು ನನ್ನನ್ನು ಕೇಳುತ್ತಾರೆ. ನಾನು ಎಕ್ಸ್‌ಪರ್ಟ್ ಅಲ್ಲ, ಬರೀ ಹಳಬಳು. ಮೂರೂ ಬೇರೆ ಬೇರೆ ಕೆಲಸ ಅಂತ ಅವರು ತಿಳಿದಿದ್ದಾರೆ. ಮೂರೂ ಬೇರೆ ಬೇರೆ ಪಾಪ ಅಂತ ನನಗೆ ಅನ್ನಿಸುತ್ತದೆ. ಅದನ್ನು ವಿವರಿಸಬೇಕಾದರೆ ಆ ಪ್ರಯಾಣವನ್ನೇ ಹೇಳಬೇಕು.

ಹೊರಡುವ ಮುಂಚೆ

ಸಿಸ್ಟರ್ ಈಟಾ ಮೈಸೂರಿನ ನಮ್ಮ ಕಾನ್ವೆಂಟಿನಲ್ಲಿ ಬಾಟನಿ ಮತ್ತು ನೀಡಲ್‌ವರ್ಕ್ ಕಲಿಸುತ್ತಿದ್ದ ಐರಿಶ್ ನನ್. ಶನಿವಾರ ಬೋರ್ಡಿಂಗ್ ಹುಡುಗಿಯರನ್ನು ರೈಲಿನಲ್ಲಿ ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಬೇರೆ ಟೀಚರುಗಳು ಕೋಟೆ ತೋರಿಸಿ, ಸಮಾಧಿ ತೋರಿಸಿ ಇಸವಿ ಬಾಯಿಪಾಠ ಮಾಡಿಸಿದರೆ ಇವರು ನಮ್ಮನ್ನು ಸೀದಾ ಗಂಜಾಂ ಕಡೆಯ ಹೊಳೆದಂಡೆಗೆ ಓಡಿಸುತ್ತಿದ್ದರು. ಒದ್ದೆ ಮರಳಿನ ಮೇಲೆ ನೀಲಿ ಚಿಟ್ಟೆಗಳು ಗುಂಪಾಗಿ ಕೂತು ನೀರು ಹೀರುತ್ತಿದ್ದವು. ಬಲೆ ಬೀಸಿದ ತಕ್ಷಣ ಮಣಿಕಟ್ಟು ತಿರುಗಿಸಿ ಬಲೆಯ ಬಾಯಿ ಮಡಿಸಬೇಕು, ಇಲ್ಲದಿದ್ದರೆ ಹಾರಿಹೋಯಿತು. ಸಿಕ್ಕಿದ್ದರ ರೆಕ್ಕೆ ಮಡಿಸಿ, ಎದೆಯನ್ನು ಎರಡು ಬೆರಳ ನಡುವೆ ಒತ್ತಬೇಕು. "ಜೆಂಟ್ಲಿ, ಗರ್ಲ್ಸ್, ಜೆಂಟ್ಲಿ," ಅನ್ನುತ್ತಿದ್ದರು. ಕೊಲ್ಲುವುದನ್ನು ಅಷ್ಟು ಮೃದುವಾಗಿ ಹೇಳಿಕೊಟ್ಟವರನ್ನು ನಾನು ಬೇರೆ ಕಂಡಿಲ್ಲ. ಆಮೇಲೆ ಹಳೇ ಉತ್ತರಪತ್ರಿಕೆಯನ್ನು ತ್ರಿಕೋನವಾಗಿ ಮಡಿಸಿ ಒಳಗಿಟ್ಟು, ಮೇಲೆ ಊರು, ತಿಂಗಳು ಬರೆಯುವುದು. ಊರು ಬರೆಯದ ಚಿಟ್ಟೆ ಬರೀ ಹೆಣ ಅಂತ ಅವರ ಸಿದ್ಧಾಂತ.

ಈಗ ಬಲೆ ಬೇಡ ಅಂತಲೇ ನಾನು ಹೊಸಬರಿಗೆ ಹೇಳುವುದು. ಅನೇಕ ಚಿಟ್ಟೆಗಳನ್ನು ಮುಟ್ಟಲು ಕಾನೂನು ಬಿಡುವುದಿಲ್ಲ. ನನ್ನ ಮನಸ್ಸಂತೂ ಯಾವುದನ್ನೂ ಮುಟ್ಟಲು ಬಿಡುವುದಿಲ್ಲ.

ಆಮೇಲೆ ನಾನು ನಾಗಮಂಗಲದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರಾದೆ. ಒಣಸೀಮೆ. ಆದರೆ ಎಕ್ಕದ ಗಿಡಕ್ಕೆ ಬರವಿಲ್ಲ. ಎಕ್ಕದ ಎಲೆಯ ಹಿಂದೆ ಹಳದಿ ಪಟ್ಟೆಯ ಹುಳ ಸಿಗುತ್ತದೆ. ಅದನ್ನು ಕೈಯಲ್ಲಿ ಕೀಳದೆ ಎಲೆ ಸಮೇತ ತಂದು, ಬಾಯಿ ಅಗಲದ ಬಾಟಲಿಯಲ್ಲಿಟ್ಟು, ತೆಳು ಬಟ್ಟೆ ಕಟ್ಟಿ, ದಿನಾ ಹೊಸ ಎಲೆ ಕೊಟ್ಟು, ಹಿಕ್ಕೆ ಚೆಲ್ಲಿದರೆ ಮುಗಿಯಿತು. ಒಂದು ಒರಟು ಕಡ್ಡಿ ಮಾತ್ರ ಓರೆಯಾಗಿ ನಿಲ್ಲಿಸಿರಬೇಕು. ಕೋಶದಿಂದ ಬಂದ ಚಿಟ್ಟೆ ಮೊದಲು ಹತ್ತಿ, ತೂಗಾಡಿಕೊಂಡು ರೆಕ್ಕೆ ಇಳಿಬಿಡಬೇಕು. ಆಗ ಜಾಗವಿಲ್ಲದಿದ್ದರೆ ರೆಕ್ಕೆ ಮುದುರಿದ ಹಾಗೇ ಒಣಗುತ್ತದೆ, ಮತ್ತೆ ಬಿಡಿಸಿಕೊಳ್ಳುವುದಿಲ್ಲ. ಈ ಕಡ್ಡಿಯ ವಿಷಯ ನೆನಪಿಟ್ಟುಕೊಳ್ಳಿ ಅಂತ ಯಾರಿಗಾದರೂ ಒಂದೇ ಒಂದು ಉಪದೇಶ ಮಾಡುವುದಿದ್ದರೆ ಮಾಡುತ್ತೇನೆ.

ನಮ್ಮ ಅತ್ತಿಗೆ ಗೌರಮ್ಮ, ಅಣ್ಣನ ಹೆಂಡತಿ, ಕೆ.ಆರ್. ಪೇಟೆ ಹತ್ತಿರದ ನಮ್ಮೂರಿನಲ್ಲಿ ರೇಷ್ಮೆ ಹುಳ ಸಾಕುತ್ತಿದ್ದಳು. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಅಧಿಕಾರದಲ್ಲಿ ಎಲ್ಲರಿಗಿಂತ ದೊಡ್ಡವಳು. ಹಿಪ್ಪುನೇರಳೆ ತೋಟ, ಹಸು, ಆಳುಕಾಳು ಎಲ್ಲ ಅವಳ ಕಣ್ಣಳತೆಯಲ್ಲಿ. ನನ್ನ ಬಾಟಲಿಗಳನ್ನು ಕಂಡರೆ ನಗುತ್ತಿದ್ದಳು. "ಅಮ್ಮಣ್ಣಿ, ನೂಲು ಕೊಡದಿರೋ ಉಳಾನ ಸಾಕಿ ನೀನು ಯಾವ್ ಸೀರೆ ಉಡ್ತೀಯ?" ನಾನು ಸಾಕಿದರೆ ಹಾಬಿ, ಅವಳು ಸಾಕಿದರೆ ಸಂಸಾರ. ಮಾಗಿಯ ಚಳಿಯಲ್ಲಿ ಹುಳದ ಮನೆಗೆ ಕಿಟಕಿ ಮುಚ್ಚಿ, ಕೆಂಡದ ಬಾಂಡ್ಲಿ ಇಟ್ಟು, ನಡುರಾತ್ರಿ ಎದ್ದು ಮುಟ್ಟಿ ನೋಡುತ್ತಿದ್ದಳು. ಚಳಿ ಬಿದ್ದರೆ ಹುಳ ಮೇಯುವುದಿಲ್ಲ, ಗೂಡು ಕಟ್ಟುವುದಿಲ್ಲ. ಚಳಿ ಅಂದರೆ ಸಾವು. ಇದು ಅವಳಿಗೆ ಯಾರೂ ಹೇಳಿಕೊಟ್ಟ ಪಾಠವಲ್ಲ, ಕೈಗೆ ಹತ್ತಿದ ಮಾತು.

ಅವಳ ಮಗಳು ಲಂಡನ್ನಿನಲ್ಲಿ ಹೆತ್ತಳು. ಅತ್ತಿಗೆ ಬಾಣಂತನಕ್ಕೆ ಹೊರಟಳು, ರಿಟೈರಾಗಿದ್ದ ನಾನು ಅವಳ ಬಾಯಿಯಾಗಿ ಹೊರಟೆ. ಅಲ್ಲಿಂದ, ಐರ್ಲೆಂಡಿಗೆ ವಾಪಸಾಗಿದ್ದ ಸಿಸ್ಟರ್ ಈಟಾಗೆ ಪತ್ರ ಬರೆದೆ. ಇನ್ನೊಬ್ಬ ಸಿಸ್ಟರ್ ಕೈಯಲ್ಲಿ ಬರೆಸಿದ ಉತ್ತರ ಬಂತು. ಕಣ್ಣು ಹೋಗುತ್ತಿದೆ. ಈ ಕಾನ್ವೆಂಟ್ ಮುಚ್ಚುತ್ತಾರೆ, ತಿಂಗಳ ಕೊನೆಗೆ ತಮ್ಮನ್ನು ಸಿಟಿಯ ಮುದುಕಿಯರ ಮನೆಗೆ ಸಾಗಿಸುತ್ತಾರೆ, ಅಲ್ಲಿ ಹುಳು ಸಾಕಲು ಬಿಡುವುದಿಲ್ಲ. ಹೋದ ಬೇಸಿಗೆಯಲ್ಲಿ ಸಾಕಿದ ಎಂಪರರ್ ಪತಂಗದ ಗೂಡುಗಳು ಇವೆ. ಏಪ್ರಿಲ್‌ನಲ್ಲಿ ಹೊರಗೆ ಬರುತ್ತವೆ. ಗಂಡುಗಳು ಬರುವುದನ್ನು ಇನ್ನೊಂದು ಸಲ ನೋಡಬೇಕು. ನೀನೂ ಬಾ.

ಎಂಪರರ್ ಅನ್ನುವುದು ಅಲ್ಲಿನ ದೊಡ್ಡ ಪತಂಗ, ನಾಲ್ಕು ರೆಕ್ಕೆಗೂ ಒಂದೊಂದು ಕಣ್ಣಿನ ಗುರುತು. ಗೂಡಿನಿಂದ ಆಗತಾನೇ ಬಂದ ಹೆಣ್ಣನ್ನು ಬಲೆಯ ಪಂಜರದಲ್ಲಿ ಮಧ್ಯಾಹ್ನದ ಬಿಸಿಲಿಗಿಟ್ಟರೆ, ಅದು ಕದಲದೆ ಕೂತು, ನಮ್ಮ ಮೂಗಿಗೆ ಸಿಗದ ಒಂದು ವಾಸನೆ ಬಿಡುತ್ತದೆ. ಜೌಗುನೆಲದ ಆ ಕೊನೆಯಿಂದ ಗಂಡುಗಳು ಗಾಳಿಗೆ ಎದುರಾಗಿ ಹಾರಿ ಬಂದು ಪಂಜರವನ್ನು ಸುತ್ತುತ್ತವೆ. ಸಿಸ್ಟರ್ ಈಟಾಗೆ ಬೇಕಾಗಿದ್ದದ್ದು ಇಷ್ಟೇ.

ಹಡಗು, ಬಸ್ಸು

ಹಡಗಿನಲ್ಲಿ ನನಗೆ ವಾಂತಿ, ಅತ್ತಿಗೆಗೆ ಏನೂ ಇಲ್ಲ. ಇಳಿದಲ್ಲಿ ಕಸ್ಟಮ್ಸಿನವನು ಅವಳ ಚೀಲ ತೆಗೆಸಿ, ಹುಚ್ಚೆಳ್ಳು ಚಟ್ನಿಪುಡಿಯ ಡಬ್ಬಿ ಬಿಚ್ಚಿ, ಆ ಕಪ್ಪು ಪುಡಿಯನ್ನು ಅನುಮಾನದಿಂದ ಮೂಸಿ ನೋಡಿದ. ಆಮೇಲೆ ಸೀನಿದ್ದು ನಿಲ್ಲಲೇ ಇಲ್ಲ. ಕಣ್ಣಲ್ಲಿ ನೀರು ಸುರಿಸಿಕೊಂಡು ಕೈಸನ್ನೆಯಲ್ಲೇ ನಮ್ಮನ್ನು ಕಳಿಸಿಬಿಟ್ಟ.

"ಉಪ್ಪುಕಾರ ಇಲ್ದೆ ಉಣ್ಣೋ ಜನ. ಸೀನ್ದೆ ಇನ್ನೇನ್ ಮಾಡಾನು," ಅಂದಳು ಅತ್ತಿಗೆ.

ಬಸ್ಸು ಇನ್ನೊಂದು ಬಗೆ. ದಾರಿಯಲ್ಲಿ ಡ್ರೈವರು ನಿಲ್ಲಿಸಿ, ಬೇಲಿ ಪಕ್ಕ ನಿಂತಿದ್ದ ಹೆಂಗಸಿನ ಜೊತೆ ಅವಳ ಹಸುವಿನ ಕಾಲುನೋವಿನ ಬಗ್ಗೆ ಸಾವಕಾಶವಾಗಿ ಮಾತಾಡಿದ. ಒಬ್ಬರೂ ಗೊಣಗಲಿಲ್ಲ. ಪಾಂಡವಪುರದ ಬಸ್ಸಿನಲ್ಲಿ ಹೀಗಾಗಿದ್ದರೆ ಕಂಡಕ್ಟರಿಗಿಂತ ಮೊದಲು ಜನವೇ ಬಸ್ಸಿನ ತಗಡು ಬಡಿಯುತ್ತಿದ್ದರು. ಇಳಿಯುವವರೆಲ್ಲ ಡ್ರೈವರಿಗೆ ಥ್ಯಾಂಕ್ಯೂ ಹೇಳಿ ಇಳಿಯುತ್ತಾರೆ. ಯಾಕೆ ಅಂತ ಅತ್ತಿಗೆ ಕೇಳಿದಳು. ಊರು ತಲುಪಿಸಿದ್ದಕ್ಕೆ ಅಂದೆ. "ತಲುಪುಸ್ದೆ ಇನ್ನೆಲ್ಲಿಗ್ ಓಯ್ತಿದ್ದ?" ಅಂದಳು.

ಕಾನ್ವೆಂಟ್ ಬೂದುಬಣ್ಣದ ಕಲ್ಲಿನ ದೊಡ್ಡ ಮನೆ. ಹಿಂದೆ ಗೋಡೆ, ಗೋಡೆಯಾಚೆ ಆಕಾಶದವರೆಗೂ ಕಂದು ಜೌಗು. ಉಳಿದಿದ್ದವರು ನಾಲ್ಕೈದು ಮುದಿ ಸಿಸ್ಟರುಗಳು, ಸಾಮಾನು ಕಟ್ಟಿದ ರಟ್ಟಿನ ಪೆಟ್ಟಿಗೆಗಳು. ಸಿಸ್ಟರ್ ಈಟಾ ಹಾಲ್‌ನಲ್ಲಿ ಕೂತಿದ್ದರು. ನಾನು ಹೋಗಿ ಕೈ ಹಿಡಿದೆ. ಅವರು ಮುಖವನ್ನು ಅತ್ತ ತಿರುಗಿಸಿಕೊಂಡರು. ನನ್ನ ಮೇಲೆ ಸಿಟ್ಟೇನೋ ಅಂದುಕೊಂಡೆ. ಆಮೇಲೆ ತಿಳಿಯಿತು, ಅವರ ದೃಷ್ಟಿಯ ನಟ್ಟನಡುವೆ ಕಪ್ಪು ಕಲೆ ಕೂತಿದೆ, ಅಂಚಿನಲ್ಲಿ ಮಾತ್ರ ಒಂದಿಷ್ಟು ಕಾಣುತ್ತದೆ, ಅದೂ ಅಲುಗಾಡಿದರೆ. ನೇರ ನೋಡಿದ್ದು ಇಲ್ಲವಾಗುತ್ತದೆ. ನನ್ನನ್ನು ನೋಡಲೆಂದೇ ಅವರು ಮುಖ ತಿರುಗಿಸಿದ್ದು.

ನೋಡಿಯೂ ಗುರುತಾಗಲಿಲ್ಲ. "ನೀನು ಕೆಮ್ಮುತ್ತಿದ್ದ ಹುಡುಗಿಯೋ?" ಅಂದರು ಇಂಗ್ಲಿಷಿನಲ್ಲಿ. ಅಲ್ಲ ಸಿಸ್ಟರ್, ಬಲೆ ಹೊರುತ್ತಿದ್ದವಳು, ಶಾರದಾ. "ಎಲ್ಲರೂ ಹೊರುತ್ತಿದ್ದರು, ಡಿಯರ್. ಗಂಜಾಮಿನ ಒದ್ದೆ ಮರಳು ಕಣ್ಣಿಗೆ ಕಟ್ಟಿದ ಹಾಗಿದೆ. ಯಾವ ಕಲ್ಲಿನ ಹತ್ತಿರ ಯಾವ ನೀಲಿ ಕೂರುತ್ತಿತ್ತು ಅಂತ ಹೇಳಬಲ್ಲೆ. ಹುಡುಗಿಯರು ನೆನಪಿಲ್ಲ."

ಅವರಿಂದ ಕಲಿತದ್ದರ ಮೇಲೆ ಒಂದು ಬದುಕು ಕಟ್ಟಿಕೊಂಡವಳು ನಾನು. ಆಫ್ ಕೋರ್ಸ್ ಸಿಸ್ಟರ್, ಅಂದೆ.

ಅತ್ತಿಗೆಯನ್ನು ಪರಿಚಯಿಸಿದಾಗ ಅವರಿಗೆ ಹುರುಪು ಬಂತು. ತಮ್ಮ ಕನ್ನಡ ತೆಗೆದರು. "ಬಾ. ಕೂತುಕೊ. ಬೇಗ ಬೇಗ. ನೀರು ತಾ." ಮೈಸೂರಿನಲ್ಲಿ ಅಷ್ಟು ವರ್ಷ ಇದ್ದು ಕಲಿತದ್ದು ಅದೇ. ಅತ್ತಿಗೆ ಕೂತಳು. ನನ್ನ ಕಡೆ ಬಾಗಿ ಮೆಲ್ಲಗೆ ಅಂದಳು, "ಆಳ್ಗೋಳ್ಗೆ ಏಳೋ ಮಾತಷ್ಟೇ ಕಲ್ತವ್ಳಲ್ಲ ಅಮ್ಮಣ್ಣಿ ಈ ಈಟಮ್ಮ." ಆದರೂ ಎದ್ದು ನೀರು ತಂದುಕೊಟ್ಟಳು. ಮುದುಕಿ, ಪಾಪ, ಅಂದಳು.

ಕಲ್ಲಿನ ಕೊಟ್ಟಿಗೆ

ಗೂಡುಗಳು ಮನೆಯ ಹಿಂದಿನ ಒಂದು ಕಲ್ಲಿನ ಕೊಟ್ಟಿಗೆಯಲ್ಲಿದ್ದವು. ಕಿಟಕಿಗೆ ಗಾಜಿಲ್ಲ, ಗಾಳಿ ನುಗ್ಗುತ್ತಿತ್ತು. ಒಂದು ಶೂ ಡಬ್ಬಿಯಲ್ಲಿ, ಒಣಗಿದ ಪಾಚಿಯ ಮೇಲೆ, ಕಂದು ಬಣ್ಣದ ಪುಟ್ಟ ಪುಟ್ಟ ಹೂಜಿಗಳ ಹಾಗೆ ಮಲಗಿದ್ದವು. ಸಿಸ್ಟರ್ ಈಟಾ ಕೋಲೂರಿಕೊಂಡು ಬಂದು, ಒಂದೊಂದನ್ನೂ ಬೆರಳಲ್ಲಿ ತೂಕ ನೋಡಿ, ಮತ್ತೆ ಮಲಗಿಸಿದರು. ತೂಕವಿದ್ದರೆ ಜೀವ ಇದೆ ಅಂತ. ಬಿಸಿಲು ಬಂದ ದಿನ ಇವನ್ನು ಬಲೆಯ ಪಂಜರಕ್ಕೆ ಹಾಕಿ, ಹತ್ತಲು ಕಡ್ಡಿ ಕೊಡುತ್ತೇನೆ, ಅಲ್ಲಿಯವರೆಗೂ ಯಾರೂ ಮುಟ್ಟಬೇಡಿ ಅಂದರು.

ಅತ್ತಿಗೆ ಕೈಯನ್ನು ಕಲ್ಲಿನ ಹಲಗೆಯ ಮೇಲಿಟ್ಟು ಬೆಚ್ಚಿ ತೆಗೆದಳು. "ಅಯ್ಯೋ, ಐಸ್ ಆಗದಲ್ಲವ್ವಾ. ಗೂಡ್ನ ಇಂಗಾ ಮಡಗೋದು? ಒಳೀಕ್ ಒಲೆ ತಾವ ಮಡಗು ಅನ್ನು."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಸಿಸ್ಟರ್ ನಕ್ಕರು. ಚಳಿಯೇ ಇವುಗಳ ತಾಯಿ, ಚಳಿಗಾಲ ಕಳೆಯದೆ ಇವಕ್ಕೆ ವಸಂತ ಬಂದದ್ದು ಗೊತ್ತಾಗುವುದಿಲ್ಲ ಅಂದರು. ಅದನ್ನು ಅತ್ತಿಗೆಗೆ ಹೇಳಿದೆ.

"ಚಳಿ ತಾಯಂತಾ?" ಅಂದಳು. "ಮಕ್ಕಳ್ನ ಎತ್ತಿಲ್ದೋಳು, ಅವ್ಳಿಗೇನ್ ಗೊತ್ತು."

ಇದನ್ನು ನಾನು ಇಂಗ್ಲಿಷಿಗೆ ತರಲಿಲ್ಲ.

ಮಾರನೇ ದಿನವೇ ಸಿಸ್ಟರ್ ಈಟಾಗೆ ನೆಗಡಿ ಎದೆಗಿಳಿಯಿತು. ಅಡುಗೆ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಅವರನ್ನು ಹಾಸಿಗೆ ಬಿಟ್ಟು ಏಳಕೂಡದು ಅಂತ ಕಟ್ಟಪ್ಪಣೆ ಮಾಡಿದರು. ಹೊರಗೆ ಮೋಡ, ತುಂತುರು, ಬೆಳಗಾದರೆ ಹುಲ್ಲಿನ ಮೇಲೆ ಬಿಳೀ ಹಿಮ. ದಿನಾ ನಾನು ಕೋಣೆಗೆ ಹೋದರೆ ಅವರದ್ದು ಒಂದೇ ಪ್ರಶ್ನೆ. "ಬಿಸಿಲು ಬಂತೆ? ಗಾಳಿ ಹೇಗಿದೆ?" ಅತ್ತಿಗೆ ಬಾಗಿಲಲ್ಲಿ ನಿಂತಿರುತ್ತಿದ್ದಳು. ಏನಂತೆ ಅನ್ನುತ್ತಿದ್ದಳು. ಗೂಡು ಒಡೆಯುವುದನ್ನೇ ಕಾಯುತ್ತಿದ್ದಾರೆ ಅನ್ನುತ್ತಿದ್ದೆ. ಅವಳು ಮಡಿಸುವ ಬಟ್ಟೆ ಎತ್ತಿಕೊಂಡು ಹೋಗುತ್ತಿದ್ದಳು.

ಜೌಗಿನ ದಂಡೆ

ನಾನು ಕ್ಯಾಮೆರಾ ಹಿಡಿದು ಜೌಗಿನ ಕಡೆ ಹೋಗುತ್ತಿದ್ದೆ. ಆಗಿನ ಕಾಲ, ಒಂದು ರೋಲಿನಲ್ಲಿ ಇರುವಷ್ಟೇ ಚಿತ್ರ. ಒತ್ತುವ ಮುಂಚೆ ಹತ್ತು ಸಲ ಯೋಚಿಸಬೇಕಿತ್ತು. ಹೊಸಬರಿಗೆ ಇದೊಂದು ಹೇಳುತ್ತೇನೆ. ಚಿಟ್ಟೆಯನ್ನು ಬಿಸಿಲೇರಿದ ಮೇಲೆ ಅಟ್ಟಿಸಿಕೊಂಡು ಹೋಗಬೇಡಿ. ಬೆಳಿಗ್ಗೆ ತಂಪಿನಲ್ಲಿ ಅದಕ್ಕೆ ಹಾರಲು ಶಕ್ತಿಯಿರುವುದಿಲ್ಲ, ಆಗ ಹೋಗಿ. ನಿಮ್ಮ ನೆರಳು ಅದರ ಮೇಲೆ ಬೀಳಬಾರದು. ಮೊಣಕಾಲೂರಿ, ಅದರ ಎತ್ತರಕ್ಕೆ ನೀವು ಇಳಿಯಿರಿ. ರೆಕ್ಕೆ ಮಡಿಸಿ ಕೂತಿದ್ದರೆ ಪಕ್ಕದಿಂದ, ಬಿಡಿಸಿದ್ದರೆ ಮೇಲಿನಿಂದ. ಇಷ್ಟೆಲ್ಲ ಮಾಡಿದರೂ ಒಳ್ಳೆಯ ಚಿತ್ರ ಬರುವುದಿಲ್ಲ. ಮೇಲುಕೋಟೆ ಬೆಟ್ಟದ ಮೆಟ್ಟಿಲ ಮೇಲೆ ಒಂದು ಪೂರ್ತಿ ಬೆಳಿಗ್ಗೆ ಒಂದು ಚಿಟ್ಟೆಯ ಹಿಂದೆ ಮಂಡಿಯೂರಿದ್ದೇನೆ, ದೇವರ ದರ್ಶನಕ್ಕೆ ಬಂದವರು ಹರಕೆ ಅಂದುಕೊಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಆ ಜೌಗಿನಲ್ಲಿ ನನಗೆ ಏನೂ ಸಿಗಲಿಲ್ಲ. ಸಣ್ಣ ಗಿಡ, ಕಪ್ಪು ನೀರು, ಕುಪ್ಪೆ ಹಾಕಿದ ಮಣ್ಣಿನ ಇಟ್ಟಿಗೆ. ಅಲ್ಲಿನವರು ನೆಲವನ್ನೇ ಕಡಿದು, ಒಣಗಿಸಿ, ಒಲೆಗೆ ಹಾಕುತ್ತಾರೆ. ದಾರಿಯಲ್ಲಿ ಸಿಕ್ಕ ಮುದುಕ ಟೋಪಿ ಮುಟ್ಟಿ, ಗ್ರ್ಯಾಂಡ್ ಡೇ ಅನ್ನುತ್ತಿದ್ದ. ಮಳೆ ಸುರಿಯುತ್ತಿರುತ್ತಿತ್ತು. ಮೊದಮೊದಲು ನಗು ಬರುತ್ತಿತ್ತು, ಆಮೇಲೆ ರೇಗುತ್ತಿತ್ತು. ಇಲ್ಲದ ಬಿಸಿಲನ್ನು ಇದೆ ಅನ್ನುವ ಸೌಜನ್ಯ ನನಗೆ ಬರುವುದಿಲ್ಲ.

ಅತ್ತಿಗೆ ಮನೆಯೊಳಗೇ ಇದ್ದಳು. ಸುಮ್ಮನೆ ಕೂರುವ ಜನ್ಮವಲ್ಲ ಅದು. ಬಟ್ಟೆ ಮಡಿಸಿದಳು, ಆಲೂಗೆಡ್ಡೆ ಹೆರೆದಳು, ಅಡುಗೆ ಸಿಸ್ಟರ್ ಜೊತೆ ಒಂದೇ ಒಂದು ಮಾತು ಗೊತ್ತಿಲ್ಲದೆ ಇಬ್ಬರೂ ಗಂಟೆಗಟ್ಟಲೆ ಮಾತಾಡಿದರು. ಮಹಡಿಯ ಮೇಲೆ ಬಿಸಿನೀರಿನ ಹಂಡೆ ಇರುವ ಒಂದು ಕಪಾಟಿದೆ. ಹಂಡೆಯ ಸುತ್ತ ಹಲಗೆ ಹೊಡೆದು ಟವೆಲ್ಲು, ಹಾಸಿಗೆ ಬಟ್ಟೆ ಇಡುತ್ತಾರೆ, ಹಾಟ್ ಪ್ರೆಸ್ ಅನ್ನುತ್ತಾರೆ. ಆ ಮನೆಯಲ್ಲಿ ಬೆಚ್ಚಗಿದ್ದ ಜಾಗ ಅದೊಂದೇ. ಅತ್ತಿಗೆ ಅದನ್ನು ಕಂಡುಹಿಡಿದ ದಿನ, "ನಮ್ ಉಳದ್ ಮನೆ ಇದ್ದಂಗದೆ," ಅಂದಳು.

ನಾನು ನಕ್ಕು ಕ್ಯಾಮೆರಾ ಎತ್ತಿಕೊಂಡು ಹೊರಟೆ.

ಹಾಟ್ ಪ್ರೆಸ್

ಕೆರೆಯುವ ಸದ್ದು ಕೇಳಿದ್ದು ನಾವು ಹೊರಡುವುದಕ್ಕೆ ಎರಡು ದಿನ ಮುಂಚೆ, ಬೆಳಿಗ್ಗೆ. ಅತ್ತಿಗೆ ಕಪಾಟು ತೆಗೆದಳು. ಒಣ ಬಿಸಿ ಮುಖಕ್ಕೆ ರಾಚಿತು. ಹಂಡೆಯ ಪಕ್ಕದಲ್ಲಿ ಸಿಸ್ಟರ್ ಈಟಾರ ಶೂ ಡಬ್ಬಿ, ಮುಚ್ಚಳ ಮುಚ್ಚಿಕೊಂಡೇ ಇತ್ತು.

"ಯಾವಾಗ ತಂದಿಟ್ಟೆ ಅತ್ತಿಗೆ?"

"ಆ ಯಮ್ಮ ಮಲಿಕ್ಕಂಡ್ ದಿನ್ವೇ. ಚಳಿಗೆ ಸತ್ತೋದಾವು ಅಂತ ತಂದ್ ಮಡಗ್ದೆ. ಈಗ್ ನೋಡು, ನಾವ್ ಓಗೋದ್ರೊಳಗೆ ಅವ್ಳೂ ನೋಡ್ದಂಗಾಯ್ತು."

ಮುಚ್ಚಳ ತೆಗೆದೆ. ಸುಮಾರು ಎಲ್ಲವೂ ಹೊರಗೆ ಬಂದಿದ್ದವು. ಆ ಒಣ ಬಿಸಿಯಲ್ಲಿ, ಆ ಗಿಡ್ಡ ಡಬ್ಬಿಯಲ್ಲಿ, ಹತ್ತಲು ಕಡ್ಡಿಯಿಲ್ಲದೆ, ತೂಗಾಡಲು ಎತ್ತರವಿಲ್ಲದೆ, ಒಂದರ ಮೇಲೊಂದು ಬಿದ್ದು ಹೊರಳಾಡಿದ್ದವು. ಒಂದರ ರೆಕ್ಕೆಯೂ ಬಿಡಿಸಿಕೊಂಡಿರಲಿಲ್ಲ. ಹಿಂಡಿ ಎಸೆದ ಚಿಂದಿಯ ಹಾಗೆ ಬೆನ್ನ ಮೇಲೆ ಮುದುರಿಕೊಂಡು ಒಣಗಿದ್ದವು. ಆ ಚಿಂದಿಯಲ್ಲೂ ಕಣ್ಣಿನ ಗುರುತು ಇತ್ತು. ಮುಚ್ಚಳ ತೆಗೆದದ್ದೇ ಒಂದೆರಡು ಹೊರಗೆ ತೆವಳಿ ಟವೆಲ್ಲಿನ ಮೇಲೆ ಓಡಾಡತೊಡಗಿದವು.

ಅತ್ತಿಗೆಗೆ ಏನು ತಪ್ಪಾಗಿದೆ ಅಂತಲೇ ತಿಳಿಯಲಿಲ್ಲ. ಅವಳು ಕಂಡಿದ್ದ ರೇಷ್ಮೆ ಚಿಟ್ಟೆ ಹಾರುವುದೇ ಇಲ್ಲ. ರೇಷ್ಮೆ ಮೊಟ್ಟೆ ತೆಗೆಯುವ ಬಿತ್ತನೆ ಕೋಠಿಯಲ್ಲಿ ಅವು ತಟ್ಟೆಯ ಮೇಲೆ ರೆಕ್ಕೆ ಅದುರಿಸಿಕೊಂಡು ಕೂಡುತ್ತವೆ, ಮೊಟ್ಟೆಯಿಡುತ್ತವೆ, ಸಾಯುತ್ತವೆ. "ಎಲ್ಲಾ ಜೀವಂತವಾಗವಲ್ಲ. ಯಾಕಿಂಗ್ ಮಕ ಮಾಡ್ಕಂಡೆ?" ಅಂದಳು.

ಅಷ್ಟರಲ್ಲಿ ಸಿಸ್ಟರ್ ಈಟಾ ಗೋಡೆ ಹಿಡಿದುಕೊಂಡು ಬಂದುಬಿಟ್ಟರು. ಹಾಸಿಗೆಯಿಂದ ಎದ್ದ ಮೊದಲ ದಿನ. ಕಿಟಕಿಯಲ್ಲಿ ಬಿಸಿಲು ಕಂಡಿತ್ತಂತೆ, ಡಬ್ಬಿ ತರಲು ಹೇಳುವುದಕ್ಕೆ ನನ್ನನ್ನು ಹುಡುಕುತ್ತಿದ್ದರು. ನನ್ನ ಕೈಯಲ್ಲಿದ್ದ ಡಬ್ಬಿಗೆ ಅವರ ಬೆರಳು ತಾಕಿತು. ಒಳಗೆ ಹೋಯಿತು. ಒಂದು ಪತಂಗವನ್ನು ಎತ್ತಿ, ಇನ್ನೊಂದು ಕೈಯ ತೋರುಬೆರಳಿನಿಂದ ರೆಕ್ಕೆಯ ಅಂಚನ್ನು ಹುಡುಕಿದರು. ಅಂಚಿರಲಿಲ್ಲ. ಇನ್ನೊಂದನ್ನು ಎತ್ತಿದರು. ಹೀಗೆ ಡಬ್ಬಿ ಪೂರ್ತಿ.

"ಯಾರು ಇದು ಮಾಡಿದ್ದು?" ಅಂದರು ಇಂಗ್ಲಿಷಿನಲ್ಲಿ.

ಪ್ರಶ್ನೆ ಅತ್ತಿಗೆಗೆ ಹೇಗೋ ತಿಳಿಯಿತು. "ನಾನೇ ಕಣವ್ವಾ ಮಡಗಿದ್ದು. ಅವ್ಳ್ಗೇಳು ಅಮ್ಮಣ್ಣಿ, ಚಳಿಗ್ ಬ್ಯಾಡ ಅಂತ ಒಳ್ಳೇದ್ಕೇ ಮಡಗ್ದೆ ಅಂತ."

ನಾನು ಹೇಳಿದೆ. ಒಳ್ಳೆಯದಕ್ಕೇ ಅನ್ನುವುದನ್ನು ಎರಡು ಸಲ ಹೇಳಿದೆ. ಸಿಸ್ಟರ್ ಈಟಾ ಅಳಲಿಲ್ಲ, ದನಿ ಏರಿಸಲಿಲ್ಲ. ನೀವು ಯಾವುದನ್ನೂ ಅದರ ಪಾಡಿಗೆ ಬಿಡುವ ಜನರಲ್ಲ ಅಂದರು. ನೀವು ಅಂದದ್ದು ಅತ್ತಿಗೆಗೋ, ನಮ್ಮಿಬ್ಬರಿಗೋ, ಬಿಟ್ಟು ಬಂದ ಒಂದು ಇಡೀ ದೇಶಕ್ಕೋ, ನಾನು ಕೇಳಲಿಲ್ಲ. ಆಮೇಲೆ ಅತ್ತಿಗೆಯ ಕಡೆ ತಿರುಗಿ, ಸ್ಪಷ್ಟ ಕನ್ನಡದಲ್ಲಿ, "ಹೊರಗೆ ಹೋಗು," ಅಂದರು.

ತರ್ಜುಮೆ ಬೇಕಾಗಲಿಲ್ಲ.

ನಮ್ಮೂರಿನಲ್ಲಿ ಗೌರಮ್ಮನಿಗೆ ಆ ಮಾತು ಅಂದವರಿಲ್ಲ. ಅವಳ ಅತ್ತೆ, ಅಂದರೆ ನಮ್ಮಮ್ಮ, ಬಾಯಿ ಜೋರಿನ ಹೆಂಗಸು, ಅವಳೂ ಅಂದಿರಲಿಲ್ಲ. ಅತ್ತಿಗೆ ಬೆಡ್‌ಶೀಟನ್ನು ಮಡಿಕೆ ಕೆಡದ ಹಾಗೆ ಹಲಗೆಯ ಮೇಲಿಟ್ಟಳು. ಟವೆಲ್ಲುಗಳ ಪಕ್ಕ ಬಿಟ್ಟಿದ್ದ ತನ್ನ ಶಾಲು ಹೊದ್ದುಕೊಂಡಳು. ಮೆಟ್ಟಿಲಿಳಿದು, ಹಿಂದಿನ ಬಾಗಿಲು ತೆಗೆದು ಹೊರಗೆ ಹೋದಳು.

ಕಲ್ಲಿನ ಬೆಂಚು

ನಾನು ಸಿಸ್ಟರನ್ನು ಕೋಣೆಗೆ ಬಿಟ್ಟು, ಡಬ್ಬಿಯನ್ನು ಅವರ ಕಿಟಕಿಯಲ್ಲಿಟ್ಟೆ. ಅವರು ಗೋಡೆಯ ಕಡೆ ತಿರುಗಿ ಮಲಗಿದರು. ರೆಕ್ಕೆಯಿಲ್ಲದ ಹೆಣ್ಣೂ ಗಂಡುಗಳನ್ನು ಕರೆಯುತ್ತದಲ್ಲ ಸಿಸ್ಟರ್, ಒಂದನ್ನು ಹೊರಗಿಡೋಣವಾ ಅಂತ ಕೇಳಿದೆ. ಅದು ಅವರೇ ಕಲಿಸಿದ ಪಾಠ. "ಕುಂಟಿಯನ್ನು ಬೀದಿಗಿಟ್ಟು ಗಂಡು ಕರೆಸುವುದಾ? ಬೇಡ," ಅಂದರು. ಹಟ. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ.

ಅತ್ತಿಗೆಯೂ ಊಟಕ್ಕೆ ಬರಲಿಲ್ಲ. ನಾನು ಹುಡುಕಿಕೊಂಡು ಹೊರಟೆ. ಅಷ್ಟು ದಿನಗಳಲ್ಲಿ ಮೊದಲ ಸಲ ಆಕಾಶ ತೆರೆದಿತ್ತು. ತೋಟದ ಕೊನೆಯಲ್ಲಿ, ಜೌಗಿನ ಗೋಡೆಗೆ ಆತುಕೊಂಡ ಕಲ್ಲಿನ ಬೆಂಚಿನ ಮೇಲೆ ಅವಳು ಕೂತಿದ್ದಳು. ದೂರದಿಂದ ನೋಡಿದಾಗ ಅವಳ ತಲೆಯ ಸುತ್ತ ಒಣಗಿದ ಎಲೆಗಳು ಸುಳಿಗಾಳಿಗೆ ಸಿಕ್ಕಿ ತಿರುಗುತ್ತಿದ್ದ ಹಾಗಿತ್ತು. ಆದರೆ ಗಾಳಿ ಅಷ್ಟು ಇರಲಿಲ್ಲ.

ಹತ್ತಿರ ಹೋದೆ. ಎಲೆಗಳಲ್ಲ. ಕಿತ್ತಳೆ ಬಣ್ಣ ಮಿಂಚಿ ಮಿಂಚಿ ಮಾಯವಾಗುತ್ತಿತ್ತು. ಎಂಪರರ್ ಗಂಡುಗಳು. ಗೋಡೆ ಹಾರಿ ಒಂದರ ಹಿಂದೆ ಒಂದು ಬರುತ್ತಿದ್ದವು, ಅವಳ ಹೆಗಲಿಗೆ ಬಡಿಯುತ್ತಿದ್ದವು, ಜಾರಿ ಮತ್ತೆ ಏರುತ್ತಿದ್ದವು. ಟವೆಲ್ಲಿನ ಮೇಲೆ ತೆವಳುತ್ತಿದ್ದ ಒಂದು ಹೆಣ್ಣು ಅವಳ ಶಾಲಿಗೆ ಹತ್ತಿಕೊಂಡು ಬಂದುಬಿಟ್ಟಿತ್ತು. ನಮಗ್ಯಾರಿಗೂ ಗೊತ್ತಾಗಿರಲಿಲ್ಲ. ಎಡ ಹೆಗಲ ಮೇಲೆ ಬೂದುಬಣ್ಣದ ಮುದುರಿದ ಒಂದು ಮುದ್ದೆ, ಅದಕ್ಕಾಗಿ ಆ ಇಡೀ ಜೌಗು ಎದ್ದು ಬರುತ್ತಿತ್ತು.

ಅತ್ತಿಗೆ ಕಲ್ಲಿನ ಹಾಗೆ ಕೂತಿದ್ದಳು. ಕಣ್ಣು ಊದಿಕೊಂಡಿತ್ತು. ತುಟಿ ಮಾತ್ರ ಅಲುಗಿತು. "ನಿಂತ್ಕಬ್ಯಾಡ. ಓಗಿ ಆ ಮುದುಕಿನ ಕರ್ಕಂಬಾ. ಬಿರ್ರನೆ ಓಗು."

ಕ್ಯಾಮೆರಾ ನನ್ನ ಕುತ್ತಿಗೆಯಲ್ಲೇ ಇತ್ತು. ಓಡಿದೆ. ಆ ವಯಸ್ಸಿನಲ್ಲಿ ಮೆಟ್ಟಿಲು ಎರಡೆರಡು ಹಾರಿದೆ. ಸಿಸ್ಟರ್ ಈಟಾ ಮೊದಲು ನಂಬಲಿಲ್ಲ. ನಂಬಿದ ಮೇಲೆ ಚಪ್ಪಲಿ ಸಿಗಲಿಲ್ಲ, ಕೋಲು ಸಿಗಲಿಲ್ಲ. ಅಡುಗೆ ಸಿಸ್ಟರ್ ಬಂದು ಕೋಟು ಹಾಕಲೇಬೇಕು ಅಂತ ತಡೆದರು. ತೋಟದ ಹಾದಿ ಉದ್ದಕ್ಕೂ ನನ್ನ ತೋಳಿಗೆ ಜೋತುಬಿದ್ದು, ಉಬ್ಬಸಪಡುತ್ತಾ, "ಎಷ್ಟಿವೆ? ಯಾವ ಕಡೆಯಿಂದ ಬರುತ್ತಿವೆ?" ಅಂತ ಹುಡುಗಿಯ ಹಾಗೆ ಕೇಳುತ್ತಿದ್ದರು.

ಹೊಸಬರಿಗೆ ಗೊತ್ತಿರಲಿ. ಒಂದು ಗಂಡು ಕೂಡಿತು ಅಂದರೆ ಹೆಣ್ಣು ಕರೆಯುವುದನ್ನು ನಿಲ್ಲಿಸುತ್ತದೆ. ಮಿಕ್ಕವು ಆ ಕ್ಷಣದಿಂದ ಒಂದೊಂದಾಗಿ ಚದುರಿಹೋಗುತ್ತವೆ, ಬಂದೇ ಇರಲಿಲ್ಲ ಅನ್ನುವ ಹಾಗೆ.

ನಾವು ತಲುಪಿದಾಗ ಬೆಂಚಿನ ಸುತ್ತ ಬರೀ ಬಿಸಿಲಿತ್ತು. ಅತ್ತಿಗೆಯ ಹೆಗಲ ಮೇಲೆ ಒಂದು ಜೋಡಿ, ರೆಕ್ಕೆ ಮುಚ್ಚಿ, ಅಲುಗದೆ, ಶಾಲಿನ ಕಂದಿನಲ್ಲಿ ಕಂದಾಗಿ ಅಂಟಿಕೊಂಡಿತ್ತು. ಸಿಸ್ಟರ್ ಈಟಾ ಮುಖವನ್ನು ಎಡಕ್ಕೆ ತಿರುಗಿಸಿ ನೋಡಿದರು, ಬಲಕ್ಕೆ ತಿರುಗಿಸಿ ನೋಡಿದರು. ಹಾರುತ್ತಿದ್ದರೆ ಅಂಚಿನಲ್ಲಾದರೂ ಸಿಗುತ್ತಿತ್ತು. ಕೂತದ್ದು ಅವರಿಗೆ ಇಲ್ಲವೇ ಇಲ್ಲ.

"ಶಾಲು ಹೊದ್ದ ಒಬ್ಬ ಹೆಂಗಸು ಕಾಣುತ್ತಾಳೆ. ಅಷ್ಟೇ," ಅಂದರು.

ಇದೆ ಸಿಸ್ಟರ್, ಎಡ ಹೆಗಲ ಮೇಲೆ ಅಂದೆ. ಅವರ ಕೈ ಹೆಗಲ ಕಡೆ ಹೋಯಿತು. ಅತ್ತಿಗೆ ಥಟ್ಟನೆ ಎದ್ದು ಒಂದು ಹೆಜ್ಜೆ ಹಿಂದಕ್ಕೆ ಸರಿದಳು. "ಮುಟ್ಬ್ಯಾಡ ಅನ್ನು. ಜೋಡೀಲವೆ." ನಮ್ಮಲ್ಲಿ ಕೂಡಿದ ಚಿಟ್ಟೆಯನ್ನು ಕೆದಕುವುದಿಲ್ಲ. ಆ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು. ಆಮೇಲೆ ಕೋಟಿನ ಜೇಬಿಗೆ ಹೋಯಿತು.

ಕ್ಷಮಿಸು ಅಂತಲೋ, ಥ್ಯಾಂಕ್ಯೂ ಅಂತಲೋ ಸಿಸ್ಟರ್ ಈಟಾ ಏನಾದರೂ ಅನ್ನುತ್ತಾರೆ ಅಂತ ನಾನು ಕಾದೆ. ಬಸ್ಸು ಡ್ರೈವರಿಗೆ ಅನ್ನುವ ಜನ. ಅವರು ಏನೂ ಅನ್ನದೆ ಮನೆಯ ಕಡೆ ತಿರುಗಿದರು. ಕನ್ನಡದಲ್ಲಿ ಆ ಮಾತುಗಳನ್ನು ಅವರು ಕಲಿತೇ ಇರಲಿಲ್ಲವೋ ಏನೋ. ಇಂಗ್ಲಿಷಿನಲ್ಲಿ ಅಂದಿದ್ದರೆ ನಾನು ಮುಟ್ಟಿಸುತ್ತಿದ್ದೆ.

ಒಂದು ಫೋಟೋ ತೆಗೆದೆ. ಆ ಸ್ಲೈಡು ಈಗಲೂ ಇದೆ. ಶಾಲಿನ ನೇಯ್ಗೆ ಚೆನ್ನಾಗಿ ಬಂದಿದೆ.

ಬಸ್ ಸ್ಟಾಪು

ಹೊರಡುವ ದಿನ ಮತ್ತೆ ಮೋಡ. ಹೆಣ್ಣು ಪತಂಗ ಶಾಲಿನ ಅಂಚಿನಲ್ಲೇ ಮೊಟ್ಟೆಯಿಟ್ಟು ಸತ್ತಿತ್ತು. ಅತ್ತಿಗೆ ಕತ್ತರಿ ಕೇಳಿ ಇಸಕೊಂಡು ಆ ತುಂಡನ್ನು ಕತ್ತರಿಸಿ, ಜೌಗಿನ ಗಿಡವೊಂದಕ್ಕೆ ಕಟ್ಟಿ ಬಂದಳು. ಯಾರಿಗೂ ಹೇಳಲಿಲ್ಲ, ನಾನು ಕಿಟಕಿಯಿಂದ ನೋಡಿದೆ.

ನಾವು ಬೇಡವೆಂದರೂ ಸಿಸ್ಟರ್ ಈಟಾ ಕೋಲೂರಿಕೊಂಡು ಗೇಟಿನ ಮುಂದಿನ ಬಸ್ ಸ್ಟಾಪಿನವರೆಗೆ ಬಂದರು. ಮೂವರೂ ನಿಂತೆವು. ರಸ್ತೆಯ ಕಡೆಗೇ ಮುಖಮಾಡಿ ಅವರು ಅಂದರು, "ಅವು ಹೇಗೆ ಬಂದವು ಅಂತ ಅವಳನ್ನು ಕೇಳು. ಮೊದಲಿನಿಂದ ಹೇಳಲಿ. ಮೊದಲನೆಯದು ಯಾವ ಕಡೆಯಿಂದ ಬಂತು, ಎಷ್ಟು ಎತ್ತರದಲ್ಲಿ ಬಂತು, ಎಲ್ಲ."

ನಾನು ಅತ್ತಿಗೆಯನ್ನು ಕೇಳಿದೆ. ಅವಳು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. ಸಿಸ್ಟರನ್ನೇ ನೋಡಿಕೊಂಡು, ನಿಧಾನವಾಗಿ, ಸಿಟ್ಟಿಲ್ಲದೆ ಹೇಳಿದಳು.

"ನೀನೇ ಅಂದ್ಯಲ್ಲವ್ವಾ, ಹೊರಗ್ ಓಗು ಅಂತ. ಓದೆ. ಹೊರಗಿದ್ದೋಳ್ಗೆ ಕಾಣಿಸ್ತು. ಒಳಗಿದ್ದೋಳ್ಗೆ ನಾನೇನ್ ಏಳ್ಲಿ?"

ಸಿಸ್ಟರ್ ನನ್ನ ಕಡೆ ಕಿವಿ ತಿರುಗಿಸಿದರು. ಅವೆಲ್ಲ ಜೌಗಿನ ಕಡೆಯಿಂದ ಬಂದವಂತೆ ಸಿಸ್ಟರ್, ಅಂದುಬಿಟ್ಟಿದ್ದರೆ ಆಗುತ್ತಿತ್ತು. ಬಾಯಿಗೂ ಬಂದಿತ್ತು. ಆದರೆ ಅತ್ತಿಗೆ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಅವಳ ಮಾತನ್ನು ಒಂದಕ್ಷರ ಬಿಡದೆ, ಸಿಸ್ಟರ್ ಈಟಾ ಕಾನ್ವೆಂಟಿನಲ್ಲಿ ತಿದ್ದಿ ತೀಡಿದ ಅದೇ ಇಂಗ್ಲಿಷಿನಲ್ಲಿ ಹೇಳಿದೆ.

ಅವರು ತಲೆಯಾಡಿಸಿದರು. ಅಷ್ಟೇ. ಬಸ್ಸು ಬಂತು. ಡ್ರೈವರು ನಮ್ಮ ಪೆಟ್ಟಿಗೆಗಳನ್ನು ತಾನೇ ಎತ್ತಿಟ್ಟ. ಅತ್ತಿಗೆ ಮುಂದಿನ ಸೀಟಿನಲ್ಲಿ ಕೂತು ಮುಂದಕ್ಕೇ ನೋಡಿದಳು.

ನಾನು ಹಿಂದಿನ ಗಾಜಿಗೆ ಹೋದೆ. ಸಿಸ್ಟರ್ ಈಟಾ ಒಳಗೆ ಹೋಗಿರಲಿಲ್ಲ. ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಒಂದು ಬೆರಳನ್ನು ನಾಲಿಗೆಗೆ ತಾಗಿಸಿ ಮೇಲೆತ್ತಿ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ನೋಡುತ್ತಿದ್ದರು. ಬಸ್ಸು ತಿರುಗಿತು. ಅವರನ್ನು ನಾನು ಕಂಡದ್ದು ಅದೇ ಕೊನೆ.